ಕಸದ ಬುಟ್ಟಿ ಪಕ್ಕದಿಂದ ಎತ್ತಿಕೊಂಡು ಬಂದ ಆರ್ಕಿಡ್

ಮೇಲಿನ ಮನೆಯವರು ಅದನ್ನು ಮೆಟ್ಟಿಲ ಮೂಲೆಯಲ್ಲಿ, ಕಸದ ಬುಟ್ಟಿ ಪಕ್ಕ ಇಟ್ಟಿದ್ದರು. ಗೃಹಪ್ರವೇಶಕ್ಕೆ ಯಾರೋ ಕೊಟ್ಟ ಫಲೆನಾಪ್ಸಿಸ್ ಆರ್ಕಿಡ್. ಬಿಳಿ ಪಿಂಗಾಣಿ ಕುಂಡ, ಅದಕ್ಕೊಂದು ಚಿನ್ನದ ಬಣ್ಣದ ರಿಬ್ಬನ್, ಒಣಗಿದ ಹೂದಂಟು, ಜೋತುಬಿದ್ದ ಐದು ಎಲೆ. "ದಿನಾ ನೀರು ಹಾಕಿದ್ವಿ, ಆದ್ರೂ ಸತ್ತೋಯ್ತು" ಅಂದರು. ದಿನಾ ಹಾಕಿದ್ದಕ್ಕೇ ಅದು ಸತ್ತಿದ್ದು. ಆದರೆ ಹೊಸದಾಗಿ ಬಂದ ನೆರೆಯವರಿಗೆ ಹಾಗೆಲ್ಲ ಹೇಳೋಕಾಗುತ್ತಾ? ಸುಮ್ನೆ ಕುಂಡ ಎತ್ತಿಕೊಂಡು ಬಂದೆ.

ನಾನು ತೀರ್ಥಹಳ್ಳಿ ಕಡೆಯವಳು. ನಮ್ಮ ಮನೆ ಹಿಂದಿನ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇದೆ. ಅದೂ ಆರ್ಕಿಡ್ಡೇ. ಬಂದಳಿಕೆ ಥರ ಮರದ ರಸ ಹೀರುವುದಿಲ್ಲ, ಬರೀ ಆಸರೆ ಅಷ್ಟೇ. ಬೇರು ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಮಳೆ ಬಂದರೆ ನೆನೆಯುತ್ತದೆ, ನಿಂತರೆ ಒಣಗುತ್ತದೆ. ಯಾರೂ ಮಣ್ಣು ಹಾಕಿಲ್ಲ, ಗೊಬ್ಬರ ಹಾಕಿಲ್ಲ. ಆದರೂ ಮಳೆಗಾಲ ಹಿಡಿಯುವ ಹೊತ್ತಿಗೆ ನೇರಳೆ ಚುಕ್ಕಿಯ ದಂಡೆ ಇಳಿಬಿಡುತ್ತದೆ. ಆಗ್ನೇಯ ಏಷ್ಯಾ ಕಡೆಯ ಫಲೆನಾಪ್ಸಿಸ್ ಕೂಡ ಹೀಗೇ ಮರದ ಮೇಲೆ ಬದುಕುವ ಗಿಡ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. (ಹಾಗಂತ ಕಾಡಿನಿಂದ ಸೀತಾಳೆ ಕಿತ್ತು ತರೋಕೆ ಹೋಗಬೇಡಿ. ಅದು ಅಲ್ಲೇ ಚೆಂದ.)

ಮೊದಲು ಗಿಡವನ್ನು ಕುಂಡದಿಂದ ಪೂರ್ತಿ ಹೊರಗೆ ತೆಗೆಯಬೇಕು. ಎಲೆ ನೋಡಿ ಏನೂ ಗೊತ್ತಾಗುವುದಿಲ್ಲ. ನೀರು ಸಾಲದಿದ್ದರೂ ಎಲೆ ಸುಕ್ಕಾಗುತ್ತದೆ, ನೀರು ಜಾಸ್ತಿಯಾಗಿ ಬೇರು ಕೊಳೆತರೂ ಸುಕ್ಕಾಗುತ್ತದೆ. ನಿಜ ಇರುವುದು ಬೇರಿನಲ್ಲಿ. ನನ್ನ ಗಿಡದ ಪಿಂಗಾಣಿ ಕುಂಡದ ತಳದಲ್ಲಿ ತೂತೇ ಇರಲಿಲ್ಲ. ಎರಡು ಬೆರಳು ನೀರು ನಿಂತಿತ್ತು, ಬೇರಿನ ನಡುವೆ ನರ್ಸರಿಯವರು ತುರುಕಿದ ಪಾಚಿಯ ಉಂಡೆ ಹುಳಿ ವಾಸನೆ ಹೊಡೆಯುತ್ತಿತ್ತು. ಆ ಪಾಚಿಯನ್ನೆಲ್ಲ ನಿಧಾನಕ್ಕೆ ಬಿಡಿಸಿ ತೆಗೆಯಿರಿ. ನಲ್ಲಿ ನೀರು ಸಣ್ಣಗೆ ಬಿಟ್ಟುಕೊಂಡರೆ ಬೇರು ಮುರಿಯುವುದಿಲ್ಲ.

ಈಗ ಒಂದೊಂದೇ ಬೇರನ್ನು ಎರಡು ಬೆರಳಲ್ಲಿ ಮೆಲ್ಲಗೆ ಅದುಮಿ. ಜೀವ ಇರುವ ಬೇರು ಹುರುಳಿಕಾಯಿ ಥರ ಗಟ್ಟಿ. ಒಣಗಿದ್ದಾಗ ಬೆಳ್ಳಿ ಬಣ್ಣ, ನೆನೆದಾಗ ಹಸಿರು. ಸತ್ತದ್ದು ಕಂದು, ಮೆತ್ತಗೆ. ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತದೆ. ಬರೀ ಬಣ್ಣ ನೋಡಿ ಕತ್ತರಿಸಬೇಡಿ. ಬೆಳಕು ಕಾಣದ ಬೇರು ಹಳದಿಯಾಗಿದ್ದರೂ ಗಟ್ಟಿಯಿದ್ದರೆ ಬದುಕಿದೆ ಅಂತಲೇ ಅರ್ಥ. ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು ಸತ್ತದ್ದನ್ನೆಲ್ಲ ತೆಗೆದೆ. ಹನ್ನೊಂದರಲ್ಲಿ ಉಳಿದದ್ದು ನಾಲ್ಕು.

ಗಾಯಕ್ಕೆ ಚಕ್ಕೆ ಪುಡಿ ಹಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅಡುಗೆಮನೆ ಡಬ್ಬಿಯಿಂದ ತೆಗೆದು ಧಾರಾಳವಾಗಿ ಉದುರಿಸಿದೆ. ಚಕ್ಕೆ ಪುಡಿ ತೇವ ಎಳೆದುಬಿಡುತ್ತದೆ. ಚೆನ್ನಾಗಿದ್ದ ನಾಲ್ಕರಲ್ಲಿ ಒಂದು ಬೇರು ವಾರದೊಳಗೆ ಮುರುಟಿಹೋಯಿತು. ಕೊಯ್ದ ತುದಿಗೆ ಮಾತ್ರ ಒಂದು ಚಿಟಿಕೆ ಸಾಕು. ಹಚ್ಚದಿದ್ದರೂ ನಡೆಯುತ್ತದೆ, ಅರ್ಧ ದಿನ ನೆರಳಲ್ಲಿ ಹಾಗೇ ಒಣಗಲು ಬಿಡಿ. ಹೂದಂಟನ್ನೂ ಬುಡದ ಹತ್ತಿರ ಕತ್ತರಿಸಿಬಿಡಿ. ದಂಟು ಹಸಿರಾಗಿದ್ದರೆ ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಮೂರು ಬೇರಿನ ಗಿಡಕ್ಕೆ ಹೂವಿನ ಚಿಂತೆ ಬೇಡ.

ಕುಂಡಕ್ಕೆ ದುಡ್ಡು ಸುರಿಯಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಒಂದು ತಗೊಂಡು, ಮೊಳೆ ಕಾಯಿಸಿ ತಳಕ್ಕೂ ಪಕ್ಕಕ್ಕೂ ತೂತು ಮಾಡಿದರೆ ಆಯಿತು. ಬೇರು ಹೊರಗಿನಿಂದ ಕಾಣಬೇಕು, ಅದೇ ಮುಖ್ಯ. ಡಬ್ಬಿ ಬೇರು ಹಿಡಿಯುವಷ್ಟೇ ಇರಲಿ. ದೊಡ್ಡದಾದರೆ ನಡುವೆ ಒಣಗುವುದೇ ಇಲ್ಲ. ಒಳಗೆ ಪೈನ್ ಮರದ ತೊಗಟೆ ಚೂರು, ಜೊತೆಗೆ ಇದ್ದಿಲು. ಇದ್ದಿಲು ನಮ್ಮ ಬೀದಿಯ ಇಸ್ತ್ರಿ ಅಂಗಡಿಯಿಂದ ತಂದೆ, ಉರಿಯದೇ ಇದ್ದ ತುಂಡು. ತೆಂಗಿನ ಸಿಪ್ಪೆಯ ತುಂಡೂ ಆಗುತ್ತದೆ, ಆದರೆ ಉಪ್ಪಿನಂಶ ಹೋಗಲು ಎರಡು ದಿನ ನೆನೆಸಿ ನೀರು ಬದಲಿಸುತ್ತಿರಬೇಕು. ಮಣ್ಣು ಬೇಡ, ಕೋಕೋಪೀಟ್ ಬೇಡ.

ನೀರಿನ ವಿಷಯಕ್ಕೆ ವಾರ ಲೆಕ್ಕ ಇಡಬೇಡಿ, ಡಬ್ಬಿ ನೋಡಿ. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿ ಡಬ್ಬಿ ಹಗುರಾದ ಮೇಲೆ, ಬೆಳಿಗ್ಗೆ ಹೊತ್ತು, ಹತ್ತು ನಿಮಿಷ ಬಕೆಟ್ಟಿನಲ್ಲಿ ಕೂರಿಸಿ ಪೂರ್ತಿ ಬಸಿಯಿರಿ. ಬೇಸಿಗೆಯಲ್ಲಿ ನನಗೆ ಐದು ದಿನಕ್ಕೊಮ್ಮೆ ಬೇಕಾಗುತ್ತದೆ, ಮಳೆಗಾಲದಲ್ಲಿ ಹತ್ತು ದಿನವಾದರೂ ಬೇಡ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಟಿಶ್ಯೂ ತುದಿಯಿಂದ ಹೀರಿ ತೆಗೆಯಿರಿ. ಸುಳಿ ಕೊಳೆತರೆ ಗಿಡ ಉಳಿಯುವುದು ಕಷ್ಟ. ಬೋರ್‌ವೆಲ್ ನೀರಿನಿಂದ ತೊಗಟೆ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಮಳೆ ನೀರು ಹಿಡಿದಿಟ್ಟುಕೊಂಡರೆ ಒಳ್ಳೆಯದು.

ಬೆಳಕಿಗೆ ಪೂರ್ವದ ಕಿಟಕಿ. ಎಲೆ ಕಡು ಹಸಿರಾಗುತ್ತಿದ್ದರೆ ಬೆಳಕು ಸಾಲದು, ಅಂಚು ಕೆಂಪಾದರೆ ಜಾಸ್ತಿ. ಗೊಬ್ಬರಕ್ಕೆ ಅವಸರ ಬೇಡ. ಹೊಸ ಬೇರಿನ ಹಸಿರು ತುದಿ ಕಂಡ ಮೇಲೆ 20-20-20 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ) ಗೊಬ್ಬರವನ್ನು ಪ್ಯಾಕೆಟ್ ಮೇಲೆ ಬರೆದಿರುವುದರ ಕಾಲು ಭಾಗ ಮಾತ್ರ ಹಾಕಿ. ನನ್ನ ಗಿಡ ಜೂನಿನಲ್ಲಿ ಡಬ್ಬಿ ಸೇರಿತು, ಆ ತುದಿ ಕಂಡಿದ್ದು ಆಗಸ್ಟ್ ಕೊನೆಗೆ.

ಮೊದಲ ಚಳಿಗಾಲದಲ್ಲಿ ಹೂ ಬರಲಿಲ್ಲ. ಗಿಡಕ್ಕೆ ಶಕ್ತಿ ಇರಲಿಲ್ಲ ಅನ್ನುವುದು ಒಂದು. ಪಾಪ, ಚಳಿ ಆಗುತ್ತೆ ಅಂತ ರಾತ್ರಿ ಕಿಟಕಿ ಮುಚ್ಚಿ ಬೆಚ್ಚಗೆ ಇಟ್ಟಿದ್ದೆ, ಅದು ಇನ್ನೊಂದು. ಫಲೆನಾಪ್ಸಿಸ್‌ಗೆ ಹೂದಂಟು ಬರಬೇಕಾದರೆ ಕೆಲವು ವಾರ ರಾತ್ರಿ ತಂಪು ಬೇಕು, 16-18 ಡಿಗ್ರಿ ಇದ್ದರೆ ಚೆನ್ನ. ಬೆಂಗಳೂರಿನ ನವೆಂಬರ್, ಡಿಸೆಂಬರ್ ರಾತ್ರಿ ಅದನ್ನು ಪುಕ್ಕಟೆ ಕೊಡುತ್ತದೆ. ಎರಡನೇ ವರ್ಷ ಬಾಲ್ಕನಿಯಲ್ಲೇ ಬಿಟ್ಟೆ. ಡಿಸೆಂಬರ್ ಕೊನೆಗೆ ಎಲೆ ಸಂದಿಯಿಂದ ಏನೋ ಇಣುಕಿತು. ತುದಿ ದುಂಡಗೆ ನಯವಾಗಿದ್ದರೆ ಬೇರು. ಚಪ್ಪಟೆಯಾಗಿ, ಹೆಬ್ಬೆರಳು ಸೇರಿಸಿದ ಪುಟ್ಟ ಕೈಗವಸಿನ ಥರ ಇದ್ದರೆ ಹೂದಂಟು. ದಂಟು ಬಂದ ಮೇಲೆ ಕುಂಡ ತಿರುಗಿಸಬೇಡಿ, ಅದು ಬೆಳಕಿನ ಕಡೆ ಬಾಗುತ್ತಾ ಸೊಟ್ಟಗಾಗುತ್ತದೆ. ಮಾಗುವ ಬಾಳೆಹಣ್ಣಿನ ಹತ್ತಿರವೂ ಇಡಬೇಡಿ. ನಾನು ಎಲ್ಲರಿಗೂ ಕಾಣಲಿ ಅಂತ ಊಟದ ಮೇಜಿನ ಮೇಲೆ ತಂದಿಟ್ಟೆ, ಪಕ್ಕದಲ್ಲೇ ಒಂದು ಚಿಪ್ಪು ಏಲಕ್ಕಿ ಬಾಳೆ. ಎರಡು ಮೊಗ್ಗು ಹಳದಿಯಾಗಿ ಉದುರಿದವು.

ಉಳಿದ ಐದು ಮಾರ್ಚಿನಲ್ಲಿ ಅರಳಿದವು, ಮೇ ಮಧ್ಯದವರೆಗೂ ಇದ್ದವು. ಅಮ್ಮನಿಗೆ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು.

"ಪರಿಮಳ ಇದ್ಯನೇ?"

"ಇಲ್ಲಮ್ಮ."

"ಮುಡ್ಕೊಳ್ಳೋಕೆ?"

"ಅದಕ್ಕೂ ಬರಲ್ಲ."

"ಎರಡು ವರ್ಷ ಇದನ್ನ ಸಾಕಿದ್ಯಾ? ನಮ್ಮ ಸೀತಾಳೆನೇ ವಾಸಿ ಕಣೆ."