ನಲವತ್ತು ಜಾಗ ಯಾರಿಗೆ? ಬೇಸ್‌ಬಾಲ್ ತಂಡದ ನವೆಂಬರ್ ಲೆಕ್ಕ

ಐಪಿಎಲ್‌ನಲ್ಲಿ ಉಳಿಸಿಕೊಳ್ಳುವ ಆಟಗಾರರ ಪಟ್ಟಿಯನ್ನು ಒಂದೇ ದಿನ ಕೊಟ್ಟರೆ ಕೆಲಸ ಮುಗಿಯಿತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಮುಗಿದ ಐದು ದಿನಕ್ಕೆ ಒಂದು ಗಡುವು, ನವೆಂಬರ್ ಮಧ್ಯಕ್ಕೆ ಇನ್ನೊಂದು, ಅದಾದ ಕೆಲವೇ ದಿನಕ್ಕೆ ಮತ್ತೊಂದು. ನಿಮ್ಮ ಮೆಚ್ಚಿನ ತಂಡದ ಪಟ್ಟಿಯನ್ನು ನೀವೇ ಮಾಡಿ ನೋಡುವುದಾದರೆ, ಪ್ರತಿ ಹೆಸರಿನ ಮುಂದೆಯೂ ಇದನ್ನು ಕೇಳಿಕೊಳ್ಳಿ: ಮುಂದಿನ ವರ್ಷ ಇವನಿಗೆ ಎಷ್ಟು ಕೊಡಬೇಕು, ಅಷ್ಟು ಬೆಲೆಯ ಆಟ ಇವನಿಂದ ಬಂದೀತೇ, ಇವನು ಕೂತ ಜಾಗಕ್ಕೆ ಇನ್ನಾರು ಕಾಯುತ್ತಿದ್ದಾರೆ?

ಮೊದಲು ಜಾಗ ಎಣಿಸಿ. ಮೈದಾನದ ತಂಡ 26 ಜನರದ್ದು, ಆದರೆ ಚಳಿಗಾಲದಲ್ಲಿ ಲೆಕ್ಕಕ್ಕೆ ಬರುವುದು 40 ಜನರ ಪಟ್ಟಿ. ಹೆಚ್ಚಿನವರು ಎಡವುವುದು ಇಲ್ಲೇ. ಋತು ನಡೆಯುವಾಗ 60 ದಿನಗಳ ಗಾಯಾಳು ಪಟ್ಟಿಯಲ್ಲಿದ್ದವರು ಈ ನಲವತ್ತರೊಳಗೆ ಸೇರುವುದಿಲ್ಲ. ವರ್ಲ್ಡ್ ಸೀರೀಸ್ ಮುಗಿದ ಮೇಲೆ ಅವರನ್ನೆಲ್ಲ ಮತ್ತೆ ಒಳಗೆ ತರಲೇಬೇಕು. ಕಾಗದದ ಮೇಲೆ 36 ಜನರಿದ್ದಾರೆ ಎಂದು ನೆಮ್ಮದಿಯಿಂದ ಕೂತ ತಂಡಕ್ಕೆ ಐವರು ಗಾಯಾಳುಗಳು ಮರಳಿದರೆ ಒಬ್ಬನನ್ನು ಬಿಡುವುದು ಅನಿವಾರ್ಯ.

ಆಮೇಲೆ ಪ್ರತಿಯೊಬ್ಬನ ಎದುರು ನಾಲ್ಕು ವಿವರ ಬರೆಯಿರಿ: ವಯಸ್ಸು, ಸೇವಾವಧಿ (ಮೇಜರ್ ಲೀಗ್‌ನಲ್ಲಿ ಕಳೆದ ಕಾಲ), ಉಳಿದಿರುವ ಆಪ್ಷನ್, ಮುಂದಿನ ವರ್ಷದ ಅಂದಾಜು ಸಂಬಳ. 172 ದಿನ ಸೇರಿದರೆ ಒಂದು ಸೇವಾ ವರ್ಷ. 4.113 ಎಂದು ಬರೆದಿದ್ದರೆ ನಾಲ್ಕು ವರ್ಷ 113 ದಿನ ಎಂದರ್ಥ, ಅದನ್ನು ದಶಮಾಂಶವೆಂದು ಓದಬೇಡಿ. ಆಪ್ಷನ್ ಅಂದರೆ ಆಟಗಾರನನ್ನು ಕೆಳಗಿನ ಮೈನರ್ ಲೀಗ್‌ಗೆ ಕಳಿಸುವ ಹಕ್ಕು. ಸಾಮಾನ್ಯವಾಗಿ ಅದು ಮೂರು ಋತುಗಳಿಗೆ ಮಾತ್ರ. ಮುಗಿದುಹೋದರೆ, ಅವನನ್ನು ಕೆಳಗೆ ಕಳಿಸುವ ಮೊದಲು ವೇವರ್ಸ್‌ನಲ್ಲಿ ಉಳಿದ ಎಲ್ಲ ತಂಡಗಳ ಮುಂದಿಡಬೇಕು, ಬೇಕಾದವರು ಎತ್ತಿಕೊಂಡು ಹೋಗಬಹುದು. ಇಬ್ಬರ ಆಟ ಸಮಸಮ ಇದ್ದರೆ ಆಪ್ಷನ್ ಉಳಿದವನನ್ನೇ ಇಟ್ಟುಕೊಳ್ಳಿ. ಬೌಲ್‌ಪೆನ್‌ನ (ಪಂದ್ಯದ ನಡುವೆ ಬಂದು ಎಸೆಯುವ ಬದಲಿ ಪಿಚರ್‌ಗಳ ಗುಂಪಿನ) ಕೊನೆಯ ಎರಡು ಮೂರು ಜಾಗಕ್ಕಂತೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ.

ಆರು ಸೇವಾ ವರ್ಷ ತುಂಬಿ ಒಪ್ಪಂದ ಮುಗಿದವರು ತಾವಾಗಿಯೇ ಫ್ರೀ ಏಜೆಂಟ್ ಆಗುತ್ತಾರೆ, ಅಂದರೆ ಬೇಕಾದ ತಂಡಕ್ಕೆ ಹೋಗಬಹುದು. ಅವರಲ್ಲಿ ದೊಡ್ಡ ಆಟಗಾರರಿದ್ದರೆ ಒಂದು ವರ್ಷದ ಕ್ವಾಲಿಫೈಯಿಂಗ್ ಆಫರ್ ಕೊಡಬಹುದು. 2025ರ ಚಳಿಗಾಲದಲ್ಲಿ ಅದು 2 ಕೋಟಿ 20 ಲಕ್ಷ 25 ಸಾವಿರ ಡಾಲರ್ ಇತ್ತು. ಆಫರ್ ತಿರಸ್ಕರಿಸಿ ಬೇರೆ ತಂಡಕ್ಕೆ ಸಹಿ ಹಾಕಿದರೆ ನಿಮಗೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಒಂದು ಆಯ್ಕೆ ಸಿಗುತ್ತದೆ. ಅವನು ಒಪ್ಪಿಬಿಟ್ಟರೂ ಚಿಂತೆಯಿಲ್ಲ ಅನ್ನುವಂತಿದ್ದರೆ ಮಾತ್ರ ಕೊಡಿ. ಮೂರು ವರ್ಷ ತುಂಬದವರ ಸಂಬಳ ಬಹುತೇಕ ಕನಿಷ್ಠ ಮಟ್ಟದ್ದು, 2026ಕ್ಕೆ 7.8 ಲಕ್ಷ ಡಾಲರ್. ಅಲ್ಲಿ ಹಣದ ಚರ್ಚೆ ಬೇಡ, ಜಾಗದ್ದು ಸಾಕು.

ನಿಜವಾದ ತಲೆನೋವು ಮೂರರಿಂದ ಆರು ವರ್ಷದ ನಡುವಿನ ಆರ್ಬಿಟ್ರೇಶನ್ ಆಟಗಾರರದ್ದು, ಅಂದರೆ ಸಂಬಳದಲ್ಲಿ ಒಮ್ಮತವಾಗದಿದ್ದರೆ ಮಧ್ಯಸ್ಥರ ವಿಚಾರಣೆಗೆ ಹೋಗಬಲ್ಲವರದ್ದು. ಅವರ ಸಂಬಳ ವರ್ಷದಿಂದ ವರ್ಷಕ್ಕೆ ಏರುತ್ತದೆ. ಆಟ ಕುಸಿದರೂ ಶೇ 20ಕ್ಕಿಂತ ಹೆಚ್ಚು ಇಳಿಸುವಂತಿಲ್ಲ. ವಿಚಾರಣೆಗೆ ಹೋಗದೆ ಮಾತುಕತೆಯಲ್ಲೇ ಒಪ್ಪಂದವಾದರೆ ಆ ಹಣ ಈಗ ಪೂರ್ತಿ ಖಾತರಿ. ಮಾರ್ಚ್‌ನಲ್ಲಿ ಮನಸ್ಸು ಬದಲಾಯಿಸಿ ಅವನನ್ನು ಬಿಟ್ಟು ಆ ಹಣ ಉಳಿಸಲು ಆಗದು.

ಲೆಕ್ಕ ಹೀಗೆ ಹಾಕಿ. ಕಳೆದ ಮೂರು ವರ್ಷಗಳ ವಾರ್ ಅಂಕ ತೆಗೆದುಕೊಳ್ಳಿ, ಅಂದರೆ ಅವನ ಜಾಗದಲ್ಲಿ ಸುಲಭಕ್ಕೆ ಸಿಗುವ ಬದಲಿ ಆಟಗಾರನಿದ್ದರೆ ಬರುತ್ತಿದ್ದುದಕ್ಕಿಂತ ಎಷ್ಟು ಗೆಲುವು ಹೆಚ್ಚು ತಂದ ಎಂಬುದು. ಇತ್ತೀಚಿನ ವರ್ಷದಿಂದ ಹಿಂದಕ್ಕೆ 5, 4, 3ರಿಂದ ಗುಣಿಸಿ ಕೂಡಿ, 12ರಿಂದ ಭಾಗಿಸಿ. ಒಬ್ಬನದು 1.0, 2.5, 2.0 ಇದ್ದರೆ 1.75 ಬರುತ್ತದೆ. ವಯಸ್ಸು ಮೂವತ್ತು ದಾಟಿದ್ದರೆ 0.5 ಕಳೆಯಿರಿ: 1.25. ಫ್ರೀ ಏಜೆಂಟ್ ಮಾರುಕಟ್ಟೆಯಲ್ಲಿ ಒಂದು ಗೆಲುವಿಗೆ ಸುಮಾರು 80 ಲಕ್ಷ ಡಾಲರ್ ಎಂದು ಹಿಡಿದರೆ ಅವನ ಬೆಲೆ ಒಂದು ಕೋಟಿ. ಸಂಬಳ 60 ಲಕ್ಷವಾದರೆ ಕಣ್ಣು ಮುಚ್ಚಿ ಉಳಿಸಿ. 1.2 ಕೋಟಿಯಾದರೆ ಮೊದಲು ಟ್ರೇಡ್‌ಗೆ ಯತ್ನಿಸಿ, ಆಗದಿದ್ದರೆ ಬಿಡಿ. ತಂಡದ ಒಟ್ಟು ಸಂಬಳ ಐಷಾರಾಮಿ ತೆರಿಗೆಯ ಮಿತಿಯನ್ನು (2026ಕ್ಕೆ 24.4 ಕೋಟಿ ಡಾಲರ್) ಸತತ ಮೂರನೇ ವರ್ಷ ದಾಟುತ್ತಿದ್ದರೆ ಮೇಲಿನ ಪ್ರತಿ ಡಾಲರಿಗೆ ಕನಿಷ್ಠ 50 ಸೆಂಟ್ ತೆರಿಗೆ. ಆಗ ಒಂದು ಕೋಟಿಯ ಆಟಗಾರ ಒಂದೂವರೆ ಕೋಟಿಗೆ ಬೀಳುತ್ತಾನೆ.

ಬ್ಯಾಟಿಂಗ್ ಸರಾಸರಿಯೊಂದನ್ನೇ (ಬ್ಯಾಟಿಂಗ್ ಸರದಿಗಳಲ್ಲಿ ಹಿಟ್ ಆದದ್ದು ಎಷ್ಟು ಪಾಲು ಎಂಬ ಲೆಕ್ಕ) ನಂಬಬೇಡಿ. ಹೊಡೆದ ಚೆಂಡು ಫೀಲ್ಡರ್ ಕೈಗೆ ಹೋಯಿತೋ ಪಕ್ಕಕ್ಕೆ ಬಿತ್ತೋ ಎಂಬುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟಾಗುವುದು), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್ ಸಿಗುವುದು) ಇವುಗಳ ಪ್ರಮಾಣ ಮತ್ತು ಚೆಂಡು ಬ್ಯಾಟಿನಿಂದ ಹೊರಡುವ ವೇಗ ಇವು ಬೇಗ ಸ್ಥಿರವಾಗುತ್ತವೆ, ನಾಳಿನ ಆಟವನ್ನು ಇವೇ ಚೆನ್ನಾಗಿ ಹೇಳುತ್ತವೆ. ಪಿಚರ್‌ಗಳಲ್ಲಿ ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಅವನ ಲೆಕ್ಕಕ್ಕೆ ಬೀಳುವ ರನ್‌ಗಳ ಸರಾಸರಿ, ಕಡಿಮೆ ಇದ್ದಷ್ಟೂ ಒಳ್ಳೆಯದು) ಜೊತೆ ಎಫ್‌ಐಪಿ (ಫೀಲ್ಡರ್‌ಗಳ ಪಾಲನ್ನು ಬಿಟ್ಟು ಪಿಚರ್‌ನ ಆಟವನ್ನಷ್ಟೇ ಅಳೆಯುವ ಅಂಕ) ಕೂಡ ನೋಡಿ.

ಕೋಡಿ ಬೆಲಿಂಜರ್ ಪ್ರಕರಣ ನೋಡಿ. 2019ರಲ್ಲಿ ಮೇಜರ್ ಲೀಗಿನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗಿನ ಎಂವಿಪಿ, ಅಂದರೆ ವರ್ಷದ ಅತ್ಯಮೂಲ್ಯ ಆಟಗಾರ. 2020ರ ಅಕ್ಟೋಬರ್‌ನಲ್ಲಿ ಭುಜ ಜಾರಿತು, ಶಸ್ತ್ರಚಿಕಿತ್ಸೆಯಾಯಿತು. 2021ರಲ್ಲಿ ಸರಾಸರಿ .165, 2022ರಲ್ಲಿ .210. ಆಗ ಸಂಬಳ 1.7 ಕೋಟಿ ಡಾಲರ್, ಶೇ 20 ಇಳಿಸಿದರೂ 1.36 ಕೋಟಿ. ಅವನ ತಂಡ ಡಾಡ್ಜರ್ಸ್ ಒಪ್ಪಂದ ನೀಡದೆ ಬಿಟ್ಟಿತು. ಮರುವರ್ಷ ಅವನು ಕಬ್ಸ್ ತಂಡಕ್ಕೆ .307 ಸರಾಸರಿಯಲ್ಲಿ 26 ಹೋಂ ರನ್ ಹೊಡೆದ. ಆದರೂ ಡಾಡ್ಜರ್ಸ್ ಲೆಕ್ಕ ತಪ್ಪಿತ್ತು ಎನ್ನಲಾಗದು, ಎರಡು ವರ್ಷದ ಅಂಕಿಗಳು ಅಷ್ಟು ಹಣವನ್ನು ಸಮರ್ಥಿಸುತ್ತಿರಲಿಲ್ಲ. 2002ರ ಡಿಸೆಂಬರ್‌ನಲ್ಲಿ ಮಿನೆಸೋಟ ಟ್ವಿನ್ಸ್ ಮಾಡಿದ್ದು ಮಾತ್ರ ನಿಜವಾದ ತಪ್ಪು. ಆ ವರ್ಷ 125 ಪಂದ್ಯಗಳಲ್ಲಿ 20 ಹೋಂ ರನ್ ಹೊಡೆದಿದ್ದ 27ರ ಡೇವಿಡ್ ಓರ್ಟಿಜ್‌ನನ್ನು ಅದು ಪುಕ್ಕಟೆ ಬಿಟ್ಟುಬಿಟ್ಟಿತು. ಬಾಸ್ಟನ್ ರೆಡ್ ಸಾಕ್ಸ್ ಅವನನ್ನು ಕರೆತಂದದ್ದು 12.5 ಲಕ್ಷ ಡಾಲರಿಗೆ. ಅವನೊಂದಿಗೆ ಮೂರು ವರ್ಲ್ಡ್ ಸೀರೀಸ್ ಗೆದ್ದಿತು.

ಕೊನೆಗೆ ರೂಲ್ 5 ಡ್ರಾಫ್ಟ್. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಸಹಿ ಹಾಕಿದವರನ್ನು ಐದು ಋತುಗಳೊಳಗೆ, 19 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನಲ್ಲಿ ಹಾಕಿದವರನ್ನು ನಾಲ್ಕರೊಳಗೆ ನಲವತ್ತರ ಪಟ್ಟಿಗೆ ಸೇರಿಸಬೇಕು. ಇಲ್ಲವಾದರೆ ಡಿಸೆಂಬರ್‌ನಲ್ಲಿ ಬೇರೆ ತಂಡ ಒಂದು ಲಕ್ಷ ಡಾಲರ್ ಕೊಟ್ಟು ಒಯ್ಯಬಹುದು. ಒಯ್ದವರು ಅವನನ್ನು ಇಡೀ ಋತು 26ರೊಳಗೆ ಇಟ್ಟುಕೊಳ್ಳಬೇಕೆಂಬ ಷರತ್ತೇ ನಿಮಗೆ ರಕ್ಷಣೆ. ಕೆಳಹಂತದಲ್ಲಿ ಇನ್ನೂ ಪಳಗುತ್ತಿರುವ ಕ್ಯಾಚರ್‌ನನ್ನು ಯಾರೂ ಅಷ್ಟು ದಿನ ಹೊರಲಾರರು, ಧೈರ್ಯವಾಗಿ ಹೊರಗಿಡಿ. ಬೌಲ್‌ಪೆನ್‌ನಲ್ಲಿ ಅಡಗಿಸಿಡಬಹುದಾದ ಪಿಚರ್‌ನನ್ನು ಮಾತ್ರ ಬಿಡಬೇಡಿ. ಮೊಣಕೈ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ಗ್ಯಾರೆಟ್ ವಿಟ್ಲಾಕ್‌ನನ್ನು ಯಾಂಕೀಸ್ 2020ರಲ್ಲಿ ಹೊರಗಿಟ್ಟಿತು. ಎದುರಾಳಿ ರೆಡ್ ಸಾಕ್ಸ್ ಎತ್ತಿಕೊಂಡಿತು, ಮರುವರ್ಷ ಅವನ ಇಆರ್‌ಎ 1.96. ಹೀಗೆ ಎತ್ತಿಕೊಳ್ಳುವ ಆಸೆ ನಿಮಗೂ ಇದ್ದರೆ ಡ್ರಾಫ್ಟ್ ದಿನ 39ಕ್ಕೇ ನಿಲ್ಲಿಸಿ. ನಲವತ್ತೂ ತುಂಬಿದ ತಂಡಕ್ಕೆ ಆಯ್ಕೆಯ ಅವಕಾಶವೇ ಇಲ್ಲ.