ಗಾಯಕ್ಕೊಂದು ರೂಪ: ಕ್ವಿಯರ್ ಕಲಾವಿದರ ಅನುಭವದಿಂದ ಕಲಿಯಬಹುದಾದ ಕ್ರಮ

ಹೆತ್ತವರೇ ಮನೆಯಿಂದ ಹೊರಗೆ ಹಾಕಿದ, ಬೀದಿಯಲ್ಲಿ ಹೊಡೆತ ತಿಂದ, ತನ್ನ ಹೆಸರನ್ನು ತಾನೇ ಆರಿಸಿಕೊಂಡದ್ದಕ್ಕೆ ಅವಮಾನ ಉಂಡ ಕ್ವಿಯರ್ ವ್ಯಕ್ತಿಗೆ, ಎಂದರೆ ಸಮಾಜ ಗೊತ್ತುಮಾಡಿದ ಲಿಂಗ, ಲೈಂಗಿಕತೆಯ ಚೌಕಟ್ಟಿಗೆ ಹೊಂದದವರಿಗೆ, ‘ಬರೆದುಬಿಡಿ, ಮನಸ್ಸು ಹಗುರಾಗುತ್ತದೆ’ ಎಂದು ಹೇಳುವುದು ಸುಲಭ. ಆದರೆ ಸಿದ್ಧತೆಯಿಲ್ಲದೆ ಬರೆಯಲು ಕುಳಿತವರು ಹಗುರಾಗುವ ಬದಲು ಆ ಹಳೆಯ ರಾತ್ರಿಯೊಳಗೇ ಮತ್ತೆ ಬೀಳುವುದೂ ಉಂಟು. ಆದ್ದರಿಂದ ನೋವನ್ನು ಕಲೆಯಾಗಿಸುವಾಗ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಬೇಕು ಎಂಬುದು ಇಲ್ಲಿ ಬಹಳ ಮುಖ್ಯ.

ಕೆಲಸ ಆರಂಭಿಸುವ ಮುನ್ನ, ಕರೆದರೆ ಬರುವ ಒಬ್ಬರಿಗಾದರೂ ವಿಷಯ ತಿಳಿಸಿಡಿ. ನಿದ್ರೆ ಪೂರ್ತಿ ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಕುಂಚವನ್ನೂ ಲೇಖನಿಯನ್ನೂ ಪಕ್ಕಕ್ಕಿಟ್ಟು ಮೊದಲು ಸಹಾಯ ಪಡೆಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಕಲೆ ಚಿಕಿತ್ಸೆಯ ಜೊತೆಗೆ ನಡೆಯಬಲ್ಲದು, ಅದರ ಜಾಗವನ್ನು ತುಂಬಲಾರದು.

ನಿಮ್ಮ ಕಥೆಯನ್ನೇ ಮೊದಲು ಹೇಳಬೇಕೆಂದಿಲ್ಲ ಎಂಬುದನ್ನು ನಾನು ಕಲಿತದ್ದು ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಬದುಕಿನಿಂದ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಅವರು ಮನೆಯವರ ತಿರಸ್ಕಾರವನ್ನೂ ಬೀದಿಯ ಹಿಂಸೆಯನ್ನೂ ಕಂಡವರು, ಸಾವಿನ ಅಂಚಿನವರೆಗೆ ಹೋಗಿ ಬಂದವರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ, ಎಲ್ಲಮ್ಮ ದೇವಿಗೆ ಮುಡಿಪಾದ ಜೋಗತಿಯರ ನೃತ್ಯವನ್ನು ಕಂಡು ಅದನ್ನು ಕಲಿತರು. ಮುಂದೆ ಕಾಳವ್ವ ಜೋಗತಿಯವರ ತಂಡ ಸೇರಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಕಲಿಯುವವರು ಗಮನಿಸಬೇಕಾದದ್ದು ಪ್ರಶಸ್ತಿಗಿಂತ ಮುಂಚಿನ ದೀರ್ಘ ವರ್ಷಗಳನ್ನು. ಆ ಕಾಲದಲ್ಲಿ ಅವರು ಜನರ ಮುಂದಿಟ್ಟದ್ದು ಎಲ್ಲಮ್ಮನ ಕಥೆಯನ್ನು, ಎಂದರೆ ಗಂಡನ ಆಜ್ಞೆಯಂತೆ ಹೆತ್ತ ಮಗನ ಕೊಡಲಿಗೇ ತಲೆಯೊಡ್ಡಿದ ರೇಣುಕೆಯ ಕಥೆಯನ್ನು. ಮನೆಯವರಿಂದಲೇ ನೊಂದವರಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ? ಹೇಳುವವರ ಸಂಕಟಕ್ಕೆ ಅಲ್ಲಿ ಜಾಗವೂ ಇದೆ, ಮರೆಯೂ ಇದೆ ಎಂದು ನನಗನ್ನಿಸುತ್ತದೆ. ತಲೆಯ ಮೇಲೆ ಕೊಡ ಹೊತ್ತು ಚೌಡಿಕೆ ಎಂಬ ತಂತಿವಾದ್ಯದ ಲಯಕ್ಕೆ ಹೆಜ್ಜೆ ಹಾಕುವಾಗ ಕತ್ತು, ಸೊಂಟ, ಪಾದಗಳ ಮೇಲೆ ನಿಗಾ ಇಡಲೇಬೇಕಾಗುತ್ತದೆ. ಹಿಂದಿನದರ ಕಡೆಗೆ ಎಳೆಯುವ ಮನಸ್ಸನ್ನು ಮೈ ಈ ಕ್ಷಣದಲ್ಲಿ ಹಿಡಿದು ನಿಲ್ಲಿಸುತ್ತದೆ. ನೀವೂ ಹಾಗೆಯೇ ಬಾಲ್ಯದಿಂದ ಬಲ್ಲ ಒಂದು ಹಾಡನ್ನೋ ಪುರಾಣವನ್ನೋ ಅಜ್ಜಿಕಥೆಯನ್ನೋ ಆರಿಸಿಕೊಂಡು, ಅದರ ಪಾತ್ರದ ಬಾಯಲ್ಲಿ ನಿಮ್ಮ ಮಾತನ್ನು ಇಡಿ.

ನೇರವಾಗಿ ಬರೆಯುವ ಕಾಲ ಬಂದಾಗ ಗಡಿಯಾರ ಜೊತೆಗಿರಲಿ. 1986ರಲ್ಲಿ ಪ್ರಕಟವಾದ, ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಮಾತ್ರ ಬರೆದರು. ನೋವಿನ ಘಟನೆಯನ್ನೂ ಅದರ ಬಗೆಗಿನ ಭಾವನೆಯನ್ನೂ ಬರೆದವರಿಗೆ ಬರೆದ ಕೂಡಲೇ ಬೇಸರ ಹೆಚ್ಚಿತು. ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. ಆದ್ದರಿಂದ ಬರೆದ ದಿನವೇ ಫಲ ನಿರೀಕ್ಷಿಸಬೇಡಿ. ಒಂದು ಘಟನೆ ತಡೆಯಲಾಗದಷ್ಟು ಕಲಕಿದರೆ ಅದನ್ನು ಬಿಟ್ಟು ಬೇರೆಯದನ್ನು ಬರೆಯಿರಿ.

ಮಾತೇ ಹೊರಡದವರಿಗೆ ಕೈಕೆಲಸವಿದೆ. 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮೇಣದಬತ್ತಿ ಮೆರವಣಿಗೆಯೊಂದರಲ್ಲಿ ಜನರು ಏಡ್ಸ್‌ನಿಂದ ಸತ್ತ ತಮ್ಮವರ ಹೆಸರುಗಳನ್ನು ರಟ್ಟಿನ ಮೇಲೆ ಬರೆದು ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದರು. ಆ ಗೋಡೆ ಸಲಿಂಗಿಗಳ ಹಕ್ಕುಗಳ ಹೋರಾಟಗಾರ ಕ್ಲೀವ್ ಜೋನ್ಸ್ ಅವರ ಕಣ್ಣಿಗೆ ತೇಪೆ ಹಚ್ಚಿದ ಹೊದಿಕೆಯಂತೆ ಕಂಡಿತು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನಲ್ಲಿ ಏಡ್ಸ್‌ನಿಂದ ಸತ್ತವರ ಸ್ಮರಣೆಗೆ 1,920 ತುಂಡುಗಳ ಅಂಥದೇ ಹೊದಿಕೆಯನ್ನು ಹಾಸಿದರು. ಒಂದೊಂದು ತುಂಡೂ 3 ಅಡಿ ಅಗಲ, 6 ಅಡಿ ಉದ್ದ, ಹೆಚ್ಚುಕಡಿಮೆ ಒಂದು ಗೋರಿಯ ಅಳತೆ. ಸಂಗಾತಿಯ ಅಂತ್ಯಕ್ರಿಯೆಗೂ ಸೇರಿಸಿಕೊಳ್ಳದಿದ್ದ ಎಷ್ಟೋ ಜನರಿಗೆ ಶೋಕಿಸಲು ಸಿಕ್ಕ ಜಾಗ ಆ ಬಟ್ಟೆಯೇ ಆಗಿತ್ತು. ಕೌದಿ ಹೊಲಿಯುವ ಉತ್ತರ ಕರ್ನಾಟಕದವರಿಗೆ ಈ ಕೆಲಸ ಹೊಸದೇನಲ್ಲ. ಕಳೆದುಕೊಂಡವರ ಅಂಗಿ, ಮೊದಲ ಸಲ ಉಟ್ಟ ಸೀರೆಯ ಸೆರಗು, ಹಳೆಯ ಹೆಸರಿದ್ದ ಸಮವಸ್ತ್ರ, ಇವುಗಳಲ್ಲಿ ಕತ್ತರಿಸಲು ಮನಸ್ಸು ಒಪ್ಪುವುದನ್ನು ಮಾತ್ರ ಕತ್ತರಿಸಿ, ಸಾಧ್ಯವಾದರೆ ಇಬ್ಬರು ಮೂವರು ಜೊತೆಗೆ ಕುಳಿತು ಹೊಲಿಯಿರಿ. ತಲೆ ತಗ್ಗಿಸಿ ಸೂಜಿ ಹಿಡಿದಾಗ, ಮುಖ ನೋಡಿಕೊಂಡು ಹೇಳಲಾಗದ ಮಾತುಗಳು ಬರುತ್ತವೆ; ಬಾರದಿದ್ದರೆ ಒತ್ತಾಯಿಸಬೇಡಿ.

ಜನರ ಮುಂದೆ ಇಡುವುದು ಬೇರೆಯೇ ತೀರ್ಮಾನ, ಅದಕ್ಕೆ ಅವಸರವಿಲ್ಲ. ಬೆಂಗಳೂರಿನಲ್ಲಿ ಲಿಂಗ ಮತ್ತು ಲೈಂಗಿಕ ಅಲ್ಪಸಂಖ್ಯಾತರ ಪರವಾದ ಸಂಗಮ ಸಂಸ್ಥೆಯಲ್ಲಿ ದುಡಿದ ಟ್ರಾನ್ಸ್‌ಜೆಂಡರ್ ಲೇಖಕಿ ಎ. ರೇವತಿ ಮೊದಲು ತಮಿಳಿನಲ್ಲಿ ಹೊರತಂದದ್ದು ತಮ್ಮ ಸಮುದಾಯದ ಇತರರ ಬದುಕಿನ ಕಥನಗಳನ್ನು. ಅವರ ಆತ್ಮಕಥೆ ಪ್ರಕಟವಾದದ್ದು ಆಮೇಲೆ, 2010ರಲ್ಲಿ. ಅದು ಕನ್ನಡಕ್ಕೂ ಬಂದು, ಹೆಗ್ಗೋಡಿನ ಜನಮನದಾಟ ತಂಡದ ಮೂಲಕ ರಂಗವೇರಿತು. ಈ ಅನುಕ್ರಮ ನನಗೆ ಬಹಳ ವಿವೇಕದ್ದೆನಿಸುತ್ತದೆ: ಇತರರ ಮಾತನ್ನು ಕೇಳುತ್ತ ತನ್ನ ಮಾತಿಗೆ ಭಾಷೆ ಹುಡುಕಿಕೊಳ್ಳಬಹುದು, ಬರೆದದ್ದನ್ನು ಬೇರೆ ನಟರ ಮೈಯಲ್ಲಿ ದೂರದಿಂದ ನೋಡಬಹುದು.

ನಿಮ್ಮ ಕೃತಿಯಲ್ಲಿ ಬರುವ ಗೆಳೆಯರ ಹೆಸರು, ಊರು, ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಬಳಸಬೇಡಿ. ಮನೆಯಲ್ಲಿ ಇನ್ನೂ ಏನೂ ಹೇಳದವರಿಗೆ ಒಂದು ಸಾಲೇ ಅಪಾಯ ತರಬಹುದು. ಪ್ರದರ್ಶನದ ನಂತರ ಸಭಿಕರು ‘ನಿಮಗೆ ನಿಜವಾಗಿ ಏನಾಯಿತು?’ ಎಂದು ಕೇಳಿಯೇ ಕೇಳುತ್ತಾರೆ. ಯಾವ ಪ್ರಶ್ನೆಗೆ ಉತ್ತರಿಸುವುದಿಲ್ಲ ಎಂಬುದನ್ನು ಮೊದಲೇ ಬರೆದು ಆಯೋಜಕರ ಕೈಗೆ ಕೊಡಿ, ಆ ರಾತ್ರಿ ಒಬ್ಬರೇ ಮನೆಗೆ ಮರಳದಂತೆ ಜೊತೆಗೊಬ್ಬರನ್ನು ಗೊತ್ತುಮಾಡಿಕೊಳ್ಳಿ.