ಜೇನಿನ ಪಾನಕ ಹುಳಿಯದಂತೆ ಮಾಡುವ ಕ್ರಮ

ಚಿತ್ರದುರ್ಗದ ಬೇಸಿಗೆಯಲ್ಲಿ ಜೇನಿನ ಪಾನಕ ಮಾಡುವವರು ಮೊದಲು ಅರಿಯಬೇಕಾದ ಸಂಗತಿಯೆಂದರೆ, ನೀರು ಬೆರೆಸಿದ ಜೇನುತುಪ್ಪ ತಾನಾಗಿಯೇ ಹುದುಗುತ್ತದೆ. ಗಟ್ಟಿ ಜೇನಿನಲ್ಲಿ ತೇವಾಂಶ ಶೇ. 18ರ ಆಸುಪಾಸಿನಲ್ಲಿರುವುದರಿಂದ ಅದರೊಳಗಿನ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸುಮ್ಮನಿರುತ್ತದೆ. ನೀರು ಸೇರಿದರೆ ಆ ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಒಡೆಯತೊಡಗುತ್ತದೆ. ಮೀಡ್ ಎಂಬ ಪ್ರಾಚೀನ ಜೇನುಮದ್ಯ ಹುಟ್ಟಿದ್ದು ಈ ಗುಣದಿಂದಲೇ. ಚೀನಾದ ಜಿಯಾಹುವಿನಲ್ಲಿ ದೊರೆತ ಸುಮಾರು 9,000 ವರ್ಷ ಹಳೆಯ ಮಡಕೆಗಳ ಒಳಮೈಯಲ್ಲಿ ಅಕ್ಕಿ, ಹಣ್ಣು, ಜೇನು ಸೇರಿಸಿ ಹುದುಗಿಸಿದ ಪೇಯದ ಕುರುಹುಗಳಿವೆ. ಇಥಿಯೋಪಿಯಾದಲ್ಲಿ ಗೇಶೋ ಎಂಬ ಗಿಡದ ಎಲೆಯ ಕಹಿ ಬೆರೆತ ತೇಜ್ ಎಂಬ ಜೇನುಮದ್ಯ ಇಂದಿಗೂ ಬಳಕೆಯಲ್ಲಿದೆ. ಈ ಪರಂಪರೆ ನಿಜಕ್ಕೂ ಗೌರವಾರ್ಹವಾದುದು. ಆದರೆ ನಮ್ಮ ರಾಜ್ಯದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲವಾದ್ದರಿಂದ ಇಲ್ಲಿ ಹೇಳುತ್ತಿರುವುದು ಹುದುಗದ ಪಾನಕದ ಕ್ರಮವನ್ನು ಮಾತ್ರ.

ನಾಲ್ಕು ಲೋಟ ನೀರನ್ನು ಕುದಿಸಿ ಆರಿಸಿರಿ. ನಾಲ್ಕು ದೊಡ್ಡ ಚಮಚ ಜೇನನ್ನು ಮೊದಲು ಅರ್ಧ ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಕದಡಬೇಕು. ನೇರವಾಗಿ ತಣ್ಣೀರಿಗೆ ಸುರಿದರೆ ಅದು ತಳದಲ್ಲಿ ಕಂದು ಎಳೆಯಾಗಿ ಅಂಟಿಕೊಂಡು ಸುಲಭವಾಗಿ ಕರಗುವುದಿಲ್ಲ. ಬಳಿಕ ಉಳಿದ ನೀರು, ಒಂದು ನಿಂಬೆಹಣ್ಣಿನ ರಸ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು ಸೇರಿಸಿರಿ. ಅಂದೇ ಕುಡಿದು ಮುಗಿಸುವುದು ಉತ್ತಮ. ಉಳಿದರೆ ಫ್ರಿಜ್‌ನಲ್ಲಿಡಿ, ಬಿಸಿಲಿನಲ್ಲಿ ಬಿಗಿಮುಚ್ಚಳದ ಗಾಜಿನ ಬಾಟಲಿಯಲ್ಲಿಟ್ಟರೆ ಅನಿಲದ ಒತ್ತಡಕ್ಕೆ ಅದು ಸಿಡಿಯಲೂಬಹುದು. ಅಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು ಕಂಡು, ಮೂಗಿಗೆ ಹುಳಿವಾಸನೆ ಬಡಿದರೆ ಚೆಲ್ಲಿಬಿಡಿ. ಒಂದು ವರ್ಷದೊಳಗಿನ ಕೂಸುಗಳಿಗೆ ಜೇನನ್ನು ಯಾವ ರೂಪದಲ್ಲಿಯೂ ಕೊಡಬಾರದು, ಏಕೆಂದರೆ ಅದರಲ್ಲಿರಬಹುದಾದ ಬೊಟುಲಿಸಮ್ ರೋಗಾಣುವಿನ ಬೀಜಕಣಗಳು ಅವರಿಗೆ ಅಪಾಯಕಾರಿ.